ರಕ್ತದ ಸಾರ್ ಮುಟ್ಟದ ದೋಸೆ

ರಕ್ತದ ಸಾರ್ ಹೋಗಿಬಿಟ್ಟರು ಎಂದು ಕಂಪನಿ ಬಸ್ಸಿನ ಡ್ರೈವರ್ ಬಂದು ಹೇಳಿದಾಗ ನಾನು ಕಾವಲಿಯ ಮೇಲೆ ಹಿಟ್ಟು ಸುರಿದು ಹರಡುತ್ತಿದ್ದೆ. ಕೈ ಅಲ್ಲೇ ನಿಂತುಹೋಯಿತು. ನಡುವೆ ಹಿಟ್ಟಿನ ಗುಡ್ಡೆ, ಸುತ್ತ ಬರೀ ಕಾವಲಿ. ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಅಂಥ ದೋಸೆ ಬಿದ್ದಿರಲಿಲ್ಲ.

"ಯಾವ ಸಾರ್?" ಎಂದೆ. ಮುಳಬಾಗಿಲಿನಲ್ಲಿ ಆ ಹೆಸರಿಗೆ ಒಬ್ಬರೇ ಇದ್ದದ್ದು. ಆದರೂ ಕೇಳಿದೆ.

"ನಿಮ್ ಸಾರೇ ಕಣಣ್ಣ. ಬೆಳಿಗ್ಗೆ ಹಾಲು ಕಾಯಿಸೋಕೆ ಎದ್ರಂತೆ. ಎದೆ ಹಿಡ್ಕೊಂಡು ಹಂಗೇ ಕುರ್ಚಿ ಮೇಲೆ ಕೂತ್ರಂತೆ. ಅಷ್ಟೇ."

ಹಿಂದಿನ ದಿನ ಇದೇ ಹೊತ್ತಿಗೆ, ಇದೇ ಬೆಂಚಿನ ಮೇಲೆ ಕೂತು, ಚಟ್ನಿಗೆ ಉಪ್ಪು ಜಾಸ್ತಿಯಾಗಿದೆ ಎಂದು ನಾಲ್ಕು ಜನರ ಮುಂದೆ ನನ್ನನ್ನು ಬೈದು ಹೋಗಿದ್ದ ಮನುಷ್ಯ. ಬೈಸಿಕೊಂಡ ಸಿಟ್ಟೇ ನನಗಿನ್ನೂ ಇಳಿದಿರಲಿಲ್ಲ.

ದೋಸೆಗೆ ಕಾಯುತ್ತಿದ್ದ ಗಿರಾಕಿಯೊಬ್ಬ ಲೊಚಗುಟ್ಟಿದ. "ಅಷ್ಟು ಲೆಕ್ಕ ಹಾಕಿ ತಿಂತಿದ್ದೋರೇ ಹೋದ್ರು. ಇನ್ನು ನಾವ್ಯಾಕೆ ಲೆಕ್ಕ ಹಾಕೋದು? ಹಾಕಣ್ಣ ನಂಗೊಂದು, ಬೆಣ್ಣೆ ಜಾಸ್ತಿ ಇರ್ಲಿ."

ಅವನ ಕೈಯ ತಟ್ಟೆ ಕಿತ್ತುಕೊಂಡು ಹೊರಗೆ ಅಟ್ಟೋಣ ಅನ್ನಿಸಿತು. ಅಟ್ಟಲಿಲ್ಲ. ಯಾಕೆಂದರೆ ಆ ಮಾತು ನನ್ನೊಳಗೂ ಹೋಗಿ ಕೂತುಬಿಟ್ಟಿತು. ಸಾರ್ ಮಾತು ಕೇಳಿ ಮೂರು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದವನು ನಾನು. ಅಂಥವರೇ ಹಾಲು ಕಾಯಿಸುವಷ್ಟರಲ್ಲಿ ಹೋಗುವುದಾದರೆ ಈ ಮಾತ್ರೆ ಯಾರ ಉದ್ಧಾರಕ್ಕೆ? ಅವತ್ತು ನುಂಗಲಿಲ್ಲ. ಮರುದಿನವೂ ನುಂಗಲಿಲ್ಲ. ಮಾತ್ರೆಗಳ ಪಟ್ಟಿ ನನ್ನ ಅಂಗಿಯ ಜೇಬಿನಲ್ಲೇ ಉಳಿಯಿತು.

ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಊರಿನವರಿಗೆ ಬೇಕಾಗಿಲ್ಲ, ಬೇರೆಯವರಿಗೆ ಗೊತ್ತಾಗಿ ಆಗಬೇಕಾದ್ದೂ ಇಲ್ಲ. ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಮಾಲೂರು, ಶ್ರೀನಿವಾಸಪುರ, ಕೋಲಾರ ಎಲ್ಲ ಸುತ್ತಿ, ರಿಟೈರ್ ಆಗಿ ಸ್ವಂತ ಊರಿಗೆ ಬಂದವರು. ಅವರ ಮನೆತನದಲ್ಲಿ ಹಿರಿಯರೆಲ್ಲ ಪೂಜೆಯವರು, ಲೆಕ್ಕ ಬರೆಯುವವರು. ಇವರೊಬ್ಬರು ಸೂಜಿ ಹಿಡಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರಪ್ಪ ಹಿತ್ತಲಲ್ಲಿ ಸ್ನಾನ ಮಾಡಿಸದೆ ಒಳಗೆ ಬಿಡುತ್ತಿರಲಿಲ್ಲವಂತೆ. "ಊರಿನ ಜಾತಿಯೆಲ್ಲಾ ನನ್ನ ಬಾಟ್ಲಲ್ಲಿ ಒಂದೇ ಬಣ್ಣ ಇತ್ತು ಕಣಯ್ಯ. ಅದನ್ನ ನಮ್ಮಪ್ಪನಿಗೆ ಹೇಳೋ ಧೈರ್ಯ ಬರಲಿಲ್ಲ" ಎನ್ನುತ್ತಿದ್ದರು.

ಉದ್ದಕ್ಕೆ, ಸಣ್ಣಗೆ, ಬಿಳೀ ಅರ್ಧತೋಳಿನ ಅಂಗಿ. ಜೇಬಿನಲ್ಲಿ ಒಂದು ಪೆನ್ನು, ಒಂದು ಕನ್ನಡಕದ ಡಬ್ಬಿ, ಜೊತೆಗೆ ಸಕ್ಕರೆ ನೋಡುವ ಪುಟ್ಟ ಮಿಷನ್ನು. ಬೇರೆಯವರು ಎಲೆಅಡಿಕೆ ಸಂಚಿ ಇಟ್ಟುಕೊಳ್ಳುವ ಹಾಗೆ ಅದನ್ನು ಇಟ್ಟುಕೊಂಡು ತಿರುಗುತ್ತಿದ್ದರು. ರಿಟೈರ್ ಆಗಿ ವರ್ಷಗಳಾದರೂ ಹತ್ತಿರ ಬಂದರೆ ಸ್ಪಿರಿಟ್ ವಾಸನೆ. ದಾರಿಯಲ್ಲಿ ಸಿಕ್ಕಿದವರನ್ನು ಚೆನ್ನಾಗಿದ್ದೀರಾ ಎಂದು ಕೇಳಿದವರಲ್ಲ. "ಬೆಳಿಗ್ಗೆ ಏನ್ ತಿಂದೆ?" ಎನ್ನುತ್ತಿದ್ದರು. ಉತ್ತರ ಮುಗಿಯುವುದರೊಳಗೆ ತಣ್ಣನೆ ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ಆಗಿರುತ್ತಿತ್ತು. "ನಾಲಿಗೆ ಸುಳ್ಳು ಹೇಳ್ತದೆ. ರಕ್ತ ಹೇಳಲ್ಲ" ಎನ್ನುವುದು ಅವರ ಮಾತು. ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಿದ್ದರು.

ಇನ್ನು ನಾನು. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅದಕ್ಕೆ ನನಗೆ ನಾಚಿಕೆಯಿಲ್ಲ. ಒಂದು ಒಲೆ, ಒಂದು ಕಾವಲಿ, ಎರಡು ಬೆಂಚು ಇಟ್ಟುಕೊಂಡು ಶುರು ಮಾಡಿ, ಸ್ವಂತ ಅಂಗಡಿ ಕಟ್ಟಿಸಿದ್ದೇನೆ. ಮುಳಬಾಗಿಲು ದೋಸೆ ತಿನ್ನಲು ಎಲ್ಲೆಲ್ಲಿಂದಲೋ ಕಾರು ಮಾಡಿಕೊಂಡು ಬರುತ್ತಾರೆ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಗ್ಯಾಸಿನಲ್ಲಿ ಅದು ಬರುವುದಿಲ್ಲ. ನನ್ನದು ಇವತ್ತಿಗೂ ಸೌದೆ ಒಲೆ. ಅದರ ಮುಂದೆ ಬರಿಗಾಲಲ್ಲಿ ನಿಲ್ಲಬೇಕು ಎಂದು ನನಗೆ ಕೆಲಸ ಕಲಿಸಿದ ಗುರು ಹೇಳಿಕೊಟ್ಟಿದ್ದ. ಬಿಸಿ ಹಿಡಿದ ಕಾವಲಿಯನ್ನು ಅವನು ಬರಿಗೈಯಲ್ಲಿ ಒರೆಸುತ್ತಿದ್ದ. "ಬಿಸಿ ತಾಕೋದು ನಿಂತ ದಿನ ನೀನು ಭಟ್ಟ ಆದೆ ಅಂತ ತಿಳ್ಕೋ" ಎನ್ನುತ್ತಿದ್ದ. ನಮ್ಮ ಕಸುಬಿನವರೆಲ್ಲ ನಂಬಿದ ಮಾತದು. ಕೆಂಡ ಸಿಡಿದರೂ ಕಾಲು ಎತ್ತದವನೇ ದೊಡ್ಡ ಭಟ್ಟ. ನನಗೆ ಕೆಲವು ವರ್ಷಗಳಿಂದ ಪಾದಕ್ಕೆ ಬಿಸಿಯೇ ತಾಕುತ್ತಿರಲಿಲ್ಲ. ಒಲೆಯ ಮುಂದಿನ ಕಲ್ಲು ಕಾದು ಬೇರೆಯವರು ಕುಣಿಯುವಾಗ ನಾನು ಕಂಬದ ಹಾಗೆ ನಿಂತಿರುತ್ತಿದ್ದೆ. ಗಿರಾಕಿಗಳು ನೋಡಿ ತಲೆದೂಗುತ್ತಿದ್ದರು. ನನಗೂ ಒಳಗೊಳಗೇ ಖುಷಿ.

ಸಾರ್ ನನ್ನ ಅಂಗಡಿಗೆ ಬೆಳಿಗ್ಗೆ ತಪ್ಪದೆ ಬರುತ್ತಿದ್ದರು. ದೋಸೆ ಮುಂದಿಟ್ಟರೆ ಮೊದಲು ಮಗುಚಿ ಬೆನ್ನು ನೋಡುವುದು. "ಬೆಂದಿದೆ" ಎಂದರೆ ತಿನ್ನುತ್ತಿದ್ದರು. ತಿನ್ನುತ್ತಲೇ ಅಕ್ಕಪಕ್ಕದವರ ತಟ್ಟೆಗೆ ತೀರ್ಪು ಕೊಡುತ್ತಿದ್ದರು.

ನರಸಾಪುರದ ಫ್ಯಾಕ್ಟರಿಗಳಿಗೆ ಶಿಫ್ಟಿಗೆ ಹೋಗುವ ಹುಡುಗರು ಬಸ್ಸು ಬರುವುದರೊಳಗೆ ನಿಂತುಕೊಂಡೇ ಟೀಗೆ ಬನ್ನು ಅದ್ದಿ ಬಾಯಿಗೆ ತುರುಕುತ್ತಾರೆ. ಸಾರ್ ಕರೆದು, "ಅದು ತಿಂಡಿ ಅಲ್ಲ ಕಣ್ರೋ, ತಿಂಡಿಯ ಫೋಟೋ. ಹನ್ನೊಂದು ಗಂಟೆಗೆ ಮಿಷನ್ ಮುಂದೆ ಕಣ್ಣು ಕತ್ತಲೆ ಬರ್ತದೆ, ಆಗ ನೆನೆಸ್ಕೊಳ್ಳಿ" ಎನ್ನುತ್ತಿದ್ದರು. ಹುಡುಗರು ಕೈಮುಗಿದು ಓಡುತ್ತಿದ್ದರು.

ಆ ಬಸ್ಸಿನ ಡ್ರೈವರ್ ವಕ್ಕಲೇರಿ ಕಡೆಯವನು. ಮನೆಯಲ್ಲಿ ಎರಡು ಸೀಮೆಹಸು. ಒಂದು ಬೆಳಿಗ್ಗೆ ಮಗಳಿಗೆಂದು ಹಾಲಿಗೆ ಕಲೆಸುವ ಶಕ್ತಿ ಪುಡಿಯ ಡಬ್ಬಿ ಹಿಡಿದುಕೊಂಡು ಬಂದ. ಡಬ್ಬಿಯ ಮೇಲೆ ಕಪ್ಪು ಎತ್ತಿಹಿಡಿದ ಹುಡುಗನ ಚಿತ್ರ. ಸಾರ್ ಕನ್ನಡಕ ಏರಿಸಿ ಹಿಂದಿನ ಸಣ್ಣ ಅಕ್ಷರ ಓದಿದರು.

"ಇದಕ್ಕೆ ಹಾಕಿರೋದರ ಪಟ್ಟೀಲಿ ಸಕ್ಕರೆ ಎಷ್ಟು ಮುಂದೆ ನಿಂತಿದೆ ನೋಡೋ. ಮನೇಲಿ ಹಾಲು ಕರೀತೀಯಲ್ಲ, ಅದೇನ್ ಮಾಡ್ತೀಯ?"

"ಡೇರಿಗೆ ಹಾಕ್ತೀವಿ ಸಾರ್."

"ಪೂರ್ತಿ?"

"ಟೀಗೆ ಒಂಚೂರು ಇಟ್ಕೊಂಡು..."

"ಮಗು ಪುಡೀನ ಯಾತರಲ್ಲಿ ಕಲೆಸ್ಕೊಂಡು ಕುಡೀತದೆ?"

ಡ್ರೈವರ್ ತಲೆ ಕೆರೆದುಕೊಂಡ. "ಬಿಸಿನೀರಲ್ಲಿ ಸಾರ್."

ಸಾರ್ ಬಾಯಿಗೆ ಹೋಗುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. "ಹಾಲು ಡೇರಿಗೆ, ಡಬ್ಬಿ ಮಗೂಗೆ! ಏಮಯ್ಯಾ, ನೀಕು ಬುದ್ಧಿ ಉಂದಾ?" ಎಂದು ಎದ್ದೇ ನಿಂತರು. ಅವತ್ತಿನಿಂದ ಆ ಮಗುವಿಗೆ ಒಂದು ಲೋಟ ಹಾಲು ಮನೆಯಲ್ಲೇ ಉಳಿಯಿತು. ಉಳಿಯಿತೋ ಇಲ್ಲವೋ ಎಂದು ಸಾರ್ ದಿನಾ ಕೇಳಿ ಕೇಳಿ ಡ್ರೈವರನ ಪ್ರಾಣ ತಿಂದರು.

ಹಾಗೆಂದು ಅವರು ಹೇಳಿದ್ದೆಲ್ಲ ನ್ಯಾಯವಾಗಿತ್ತು ಎಂದು ನಾನು ಹೇಳುವುದಿಲ್ಲ. ದೋಸೆಯ ವಿಷಯಕ್ಕೆ ಬಂದರೆ ಅವರ ತಕ್ಕಡಿ ಒಂದು ಕಡೆಗೆ ವಾಲುತ್ತಿತ್ತು. ಗುಡಿಯ ಪೂಜಾರಪ್ಪನವರು ಪೂಜೆ ಮುಗಿಸಿ ಇಡ್ಲಿ ತಿನ್ನಲು ಬರುವವರು. ಹಬೆಯಲ್ಲಿ ಬೆಂದದ್ದು, ಎಣ್ಣೆ ಮುಟ್ಟದ್ದು, ಇಡ್ಲಿಯಂಥ ಸಾತ್ವಿಕ ತಿಂಡಿ ಇಲ್ಲ ಎಂದು ಅವರ ವಾದ. ಸಾರ್ ಬಿಡುತ್ತಿರಲಿಲ್ಲ. "ಇಡ್ಲಿ ಸಾಧು ಥರ ಕಾಣ್ತದೆ ಅಷ್ಟೇ. ಬಿಳೀ ಬಟ್ಟೆ, ಮೆತ್ತಗಿನ ಮಾತು. ಮೂರು ಇಳಿಸಿದ್ರೆ ಮೂರು ಹಿಡಿ ಅನ್ನಾನೇ ಅಲ್ವ ಹೊಟ್ಟೆಗೆ ಹೋಗೋದು?"

"ಸಾರ್, ದೋಸೆದೂ ಅದೇ ಅಕ್ಕಿ ಅಲ್ವ?" ಎಂದು ಒಲೆಯ ಹತ್ತಿರದಿಂದ ನಾನು.

"ಇದಕ್ಕೆ ಎಣ್ಣೆ ಬಿದ್ದಿದೆ. ಸಕ್ಕರೆ ನಿಧಾನವಾಗಿ ಏರ್ತದೆ. ನೀನು ಸುಮ್ನೆ ಮಗುಚಿ ಹಾಕು."

ಅದರಲ್ಲಿ ವಿಜ್ಞಾನ ಎಷ್ಟು, ನಾಲಿಗೆಯ ಚಪಲ ಎಷ್ಟು ಎನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ನನಗೂ ಅವರಿಗೂ ನಿಜವಾದ ಜಗಳ ಹತ್ತಿದ್ದು ರಾಗಿಗೆ. ನಾನು ಅಂಗಡಿ ತೆಗೆಯುವ ಮೊದಲು ದೊಡ್ಡ ಚೊಂಬು ರಾಗಿ ಗಂಜಿ ಕುಡಿಯುತ್ತಿದ್ದೆ. ಬೆಲ್ಲ ಹಾಕಿಕೊಂಡು. ಒಂದು ದಿನ ಎಲ್ಲರ ಮುಂದೆ ಎದೆ ತಟ್ಟಿಕೊಂಡು, "ನಾನು ಇವರಿಗೆಲ್ಲ ದೋಸೆ ಹಾಕ್ತೀನಿ, ನಾನು ಕುಡಿಯೋದು ರಾಗಿ. ಅದಕ್ಕೇ ಈ ಮೈ ಉಕ್ಕು. ಆಸ್ಪತ್ರೆ ಮೆಟ್ಲು ಹತ್ತಿದವನಲ್ಲ" ಎಂದೆ.

"ಮುದ್ದೆ ಬೇರೆ, ಗಂಜಿ ಬೇರೆ" ಎಂದರು ಸಾರ್. "ನುಣ್ಣಗೆ ಬೀಸಿ, ಜರಡಿ ಹಿಡಿದು, ಬೆಲ್ಲ ಹಾಕಿ, ನೀರಿನ ಥರ ಕುಡಿದ್ರೆ ರಾಗಿ ಆದ್ರೇನು, ಇನ್ನೊಂದಾದ್ರೇನು? ರಕ್ತಕ್ಕೆ ಓಡ್ತದೆ."

"ನೋಡಿ ಸಾರ್, ನನ್ನನ್ನ ಬೇಕಾದ್ರೆ ಬೈರಿ. ರಾಗಿ ತಂಟೆಗೆ ಬರ್ಬೇಡಿ."

ಡ್ರೈವರ್ ಉಬ್ಬಿಸಿದ. "ಮಿಷನ್ ಇದೆಯಲ್ಲ ಸಾರ್, ನೋಡೇಬಿಡೋಣ." ಭಾನುವಾರ ಬೆಳಿಗ್ಗೆ ಪಂದ್ಯ ಎಂದು ತೀರ್ಮಾನವಾಯಿತು. ಪೂಜಾರಪ್ಪನವರಿಗೆ ಇಡ್ಲಿ, ಡ್ರೈವರಿಗೆ ದೋಸೆ, ನನಗೆ ಗಂಜಿ. ತಿಂದು ಎರಡು ಗಂಟೆಯಾದ ಮೇಲೆ ಯಾರ ಸಕ್ಕರೆ ಹೆಚ್ಚು ಏರಿದೆಯೋ ಅವರ ತಿಂಡಿ ಸೋತ ಹಾಗೆ.

ಸಾರ್ ಕಸುಬು ಬಲ್ಲವರು. "ಮೊದಲು ಖಾಲಿ ಹೊಟ್ಟೇಲಿ ನೋಡ್ಬೇಕು. ಎಲ್ಲಿಂದ ಹೊರಟ್ರಿ ಅಂತ ಗೊತ್ತಾಗದೆ ಎಷ್ಟು ದೂರ ಬಂದ್ರಿ ಅಂತ ಹೇಳೋದು ಹೆಂಗೆ?" ಎಂದು ಮೂವರನ್ನೂ ಸಾಲಾಗಿ ಕೂರಿಸಿದರು. ಪೂಜಾರಪ್ಪನವರು ಕಣ್ಣು ಮುಚ್ಚಿ ಆಂಜನೇಯನನ್ನು ನೆನೆದು ಬೆರಳು ಕೊಟ್ಟರು. ಸರಿಯಾಗಿತ್ತು. ಡ್ರೈವರದ್ದೂ ಸರಿಯಾಗಿತ್ತು. ಆಮೇಲೆ ನನ್ನ ಬೆರಳು.

ಸಾರ್ ಮಿಷನ್ನು ನೋಡಿದರು. ನನ್ನ ಮುಖ ನೋಡಿದರು. ಏನೂ ಹೇಳದೆ ಇನ್ನೊಂದು ಬೆರಳು ಒರೆಸಿ ಮತ್ತೆ ಚುಚ್ಚಿದರು. ಮತ್ತೆ ನೋಡಿದರು. ಮಿಷನ್ನನ್ನು ಚೀಲಕ್ಕೆ ಹಾಕಿ ಝಿಪ್ ಎಳೆದರು.

"ಬ್ಯಾಟರಿ ಹೋಗಿದೆ. ಪಂದ್ಯ ಇಲ್ಲ" ಎಂದರು.

"ಇಬ್ಬರಿಗೆ ಇದ್ದ ಬ್ಯಾಟರಿ ಅಣ್ಣನ ಹತ್ರ ಬಂದಾಗ ಹೋಯ್ತಾ?" ಎಂದ ಡ್ರೈವರ್. "ಅಣ್ಣನ ರಕ್ತದ ಕಾವಿಗೆ ಮಿಷನ್ನೇ ಸುಟ್ಟೋಗಿರ್ಬೇಕು!"

ಪೂಜಾರಪ್ಪನವರು ಹೊಟ್ಟೆ ಹಿಡಿದು ನಕ್ಕರು. ನಾನಂತೂ ಗೆದ್ದವನ ಹಾಗೆ ಗಂಜಿಯ ಚೊಂಬು ಎತ್ತಿ ಗಟಗಟ ಕುಡಿದೆ. "ಸೋಲು ಒಪ್ಕೊಳ್ಳಿ ಸಾರ್" ಎಂದೆ. ತಮ್ಮ ಪರೀಕ್ಷೆ ತಪ್ಪು ಎಂದು ಯಾರಾದರೂ ಅಂದರೆ ಮೂರು ದಿನ ಮಾತು ಬಿಡುತ್ತಿದ್ದವರು, "ಸೋತೆ ಕಣಪ್ಪ" ಎಂದು ಕೈಮುಗಿದರು. ತಟ್ಟೆಯಲ್ಲಿ ಅರ್ಧ ದೋಸೆ ಹಾಗೇ ಬಿಟ್ಟು ಎದ್ದು ಹೋದರು. ಅವರು ದೋಸೆ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಗೆದ್ದ ಗುಂಗಿನಲ್ಲಿ ಯೋಚನೆ ಮಾಡಲಿಲ್ಲ.

ಮರುದಿನ ನಾನು ಒಲೆ ಹಚ್ಚುವಾಗ ಸಾರ್ ಬಂದರು. ಗಿರಾಕಿಗಳು ಇನ್ನೂ ಬಂದಿರಲಿಲ್ಲ.

"ನಿನ್ನೆ ಮಿಷನ್ ಚೆನ್ನಾಗೇ ಇತ್ತು. ಸುಳ್ಳು ಹೇಳಿದ್ದು ನಾನು" ಎಂದರು. "ಖಾಲಿ ಹೊಟ್ಟೇಲೇ ಇನ್ನೂರು ದಾಟಿದೆ. ನೀನಿನ್ನೂ ಗಂಜಿ ಮುಟ್ಟೇ ಇರಲಿಲ್ಲ ಕಣೋ. ನಾಲ್ಕು ಜನರ ಮುಂದೆ ಹೇಳೋದು ಬೇಡ ಅಂತ ಸುಮ್ನಾದೆ."

ನನ್ನ ಬಾಯಿ ಸೋಲಲಿಲ್ಲ. "ನಂಗೆ ಸಕ್ಕರೆ ಕಾಯಿಲೇನಾ? ಸಾರ್, ನಾನು ಸಕ್ಕರೆ ಮುಟ್ಟೋನೇ ಅಲ್ಲ. ಟೀಗೂ ಬೆಲ್ಲ. ಬೆಳಗಿಂದ ಸಂಜೆ ಗಂಟ ನಿಂತು ಕೆಲಸ ಮಾಡೋನು. ಕೂತು ತಿನ್ನೋರಿಗೆ ಬರೋದು ಅದು."

"ಬೆಲ್ಲ ಏನು ನಿಂಗೆ ನೆಂಟನಾ? ನಡಿ, ಆಸ್ಪತ್ರೇಲಿ ಸರಿಯಾಗಿ ನೋಡಿಸೋಣ."

"ಬರಲ್ಲ ಸಾರ್. ಈ ಮೈ ನಂಗೊತ್ತು."

ಇಷ್ಟು ಹೇಳಿ ಸೌದೆ ಮುಂದಕ್ಕೆ ತಳ್ಳಿದೆ. ಅವರು ಮತ್ತೇನೋ ಹೇಳಲು ಹೋದವರು ಮೂಗರಳಿಸಿ, "ಏನೋ ಇದು, ಚರ್ಮ ಸುಟ್ಟ ವಾಸನೆ?" ಎಂದರು. ಕೆಳಗೆ ನೋಡಿದವರೇ ಕಿರುಚಿದರು. "ಕಾಲು! ಕಾಲು ತೆಗಿಯೋ!"

ಒಲೆಯಿಂದ ಉರುಳಿದ ಕೆಂಡದ ಮೇಲೆ ನಾನು ನಿಂತಿದ್ದೆ. ಪಾದದ ಅಂಚಿನಿಂದ ಸಣ್ಣಗೆ ಹೊಗೆ ಬರುತ್ತಿತ್ತು. ನನಗೆ ಏನೆಂದರೆ ಏನೂ ಗೊತ್ತಾಗಿರಲಿಲ್ಲ. ಕಾಲು ಎತ್ತಿ ನೋಡಿಕೊಂಡೆ. ಕೆಂಡ ಅಂಗಾಲಿಗೆ ಅಂಟಿತ್ತು. ಕೈಯಿಂದ ಕಿತ್ತು ಒಲೆಗೆ ಎಸೆದು ನಕ್ಕೆ. "ಇದು ಭಟ್ಟನ ಕಾಲು ಸಾರ್. ಬಿಸಿ ತಾಕಲ್ಲ."

ಸಾರ್ ನಗಲಿಲ್ಲ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಸೌದೆ ರಾಶಿಯ ಮೇಲೆ ಕುಸಿದು ಕೂತು ನನ್ನ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡರು. ಮಸಿ ಹಿಡಿದ ಪಾದ, ಅವರ ಬಿಳೀ ಪಂಚೆ. ಪೆನ್ನಿನ ತುದಿಯಿಂದ ಅಲ್ಲಲ್ಲಿ ಒತ್ತಿದರು. "ಇಲ್ಲಿ? ಇಲ್ಲಿ?" ಅವರು ಒತ್ತುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಕಾಣುತ್ತಿರಲಿಲ್ಲ.

"ಇದು ಕಸುಬು ಅಲ್ಲ ಕಣೋ, ಕಾಯಿಲೆ" ಎಂದರು. "ನಿನ್ ಗುರೂಗೆ ಕಾಲು ಹೋಯ್ತಲ್ಲ, ಯಾಕೆ ಹೋಯ್ತು?"

"ಮೊಳೆ ಚುಚ್ಚಿ ನಂಜಾಯ್ತು ಸಾರ್."

"ಮೊಳೆ ಚುಚ್ಚಿದ್ದು ನಿಜ. ಚುಚ್ಚಿ ಎಷ್ಟೋ ದಿನ ಅವನಿಗೆ ಗೊತ್ತೇ ಆಗಲಿಲ್ಲ. ಕೋಲಾರದಲ್ಲಿ ಅವನ ರಕ್ತ ತೆಗೆದೋನು ನಾನೇ. ಸಕ್ಕರೆ ಎಷ್ಟಿತ್ತು ಅಂದ್ರೆ, ಡಾಕ್ಟ್ರು ನನ್ನನ್ನ ಕರೆದು ಇನ್ನೊಂದ್ಸಲ ನೋಡು ಅಂದ್ರು."

ಗುರು ಒಲೆಯ ಮುಂದೆ ಬರಿಗಾಲಲ್ಲಿ ನಿಂತು ಮೊಳೆ ತುಳಿದವನು, ಕಸುಬಿಗೆ ಕಾಲು ಕೊಟ್ಟ ಮನುಷ್ಯ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೆವು. ಬಿಸಿ ತಾಕದ ಅವನ ಕಾಲನ್ನೇ ನೋಡಿ ನಾವೂ ಅಂಥ ಕಾಲು ಬೆಳೆಸಿಕೊಂಡವರು. ಆದರೂ ನಾನು ಆಸ್ಪತ್ರೆಗೆ ಹೊರಡಲಿಲ್ಲ. ಹೆದರಿಕೆಯೋ ಹಠವೋ, ಎರಡೂ ಒಂದೇ ಕಡೆ ಸೇರಿಕೊಂಡಿದ್ದವು. "ನೋಡೋಣ ಸಾರ್" ಎಂದಷ್ಟೇ ಅಂದೆ.

ಸಾರ್ ಎದ್ದು ಪಂಚೆ ಕೊಡವಿದರು. "ಸರಿ. ನೀನು ಆಸ್ಪತ್ರೆಗೆ ಬರೋವರೆಗೂ ನಾನು ಬೆಳಿಗ್ಗೆ ನೀರು ಬಿಟ್ಟು ಏನೂ ಮುಟ್ಟಲ್ಲ. ಇಲ್ಲೇ ನಿನ್ ಕಣ್ಮುಂದೆ ಕೂರ್ತೀನಿ."

ಕೂತರು. ದಿನಾ ಅದೇ ಹೊತ್ತಿಗೆ ಬಂದು, ಅದೇ ಜಾಗದಲ್ಲಿ, ಮುಂದೆ ಒಂದು ಲೋಟ ನೀರು. ಮುಖ ಬಾಡಿರುತ್ತಿತ್ತು. ಪಕ್ಕದವರ ದೋಸೆಯ ವಾಸನೆಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಯಾಕೆ ತಿನ್ನುತ್ತಿಲ್ಲ ಎಂದು ಯಾರಾದರೂ ಕೇಳಿದರೆ, "ಅವನನ್ನೇ ಕೇಳಿ" ಎಂದು ನನ್ನ ಕಡೆ ಗದ್ದ ತೋರಿಸುತ್ತಿದ್ದರು. ನನ್ನ ಕಾಯಿಲೆಯ ಸುದ್ದಿ ಮಾತ್ರ ಬಾಯಿ ಬಿಡಲಿಲ್ಲ. ನಾನೇ ಏನೋ ಅವಮಾನ ಮಾಡಿದ್ದೇನೆ ಎಂದು ಊರು ತಿಳಿದುಕೊಂಡಿತು.

"ವಯಸ್ಸಾದ ಬ್ರಾಹ್ಮಣನ್ನ ಬೆಳಿಗ್ಗೆ ಬೆಳಿಗ್ಗೆ ಉಪವಾಸ ಕೂರಿಸ್ತೀಯಲ್ಲೋ, ನಿಂಗೆ ಒಳ್ಳೇದಾಗ್ತದಾ?" ಎಂದು ಪೂಜಾರಪ್ಪನವರು ಇಡ್ಲಿ ಬಾಯಲ್ಲಿಟ್ಟುಕೊಂಡೇ ಬೈದರು.

ಒಂದು ದಿನ ತಡೆಯಲಾರದೆ, ಬೆಣ್ಣೆ ಹಾಕಿ ಕೆಂಪಗೆ ಬೇಯಿಸಿದ ದೋಸೆಯನ್ನು ನಾನೇ ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ. ಮಗುಚಿ ಬೆನ್ನು ನೋಡಿದರು. "ಚೆನ್ನಾಗಿ ಬೆಂದಿದೆ" ಎಂದರು. ತಟ್ಟೆಯನ್ನು ಡ್ರೈವರ್ ಕಡೆ ತಳ್ಳಿದರು. ಅಷ್ಟು ಹೊತ್ತಿಗೆ ನನ್ನ ಅಂಗಾಲಿನ ಸುಟ್ಟಗಾಯ ಒಣಗದೆ ಒಸರುತ್ತಿತ್ತು. ಬಟ್ಟೆ ಸುತ್ತಿ ಮುಚ್ಚಿಕೊಂಡಿದ್ದೆ. ಅವರು ದೋಸೆ ನೋಡುತ್ತಿರಲಿಲ್ಲ, ಆ ಬಟ್ಟೆಯನ್ನು ನೋಡುತ್ತಿದ್ದರು.

ಮರುದಿನ ಅಂಗಡಿ ತುಂಬ ಜನ. ಸಾರ್ ಲೋಟ ಎತ್ತಿದಾಗ ಕೈ ಗಡಗಡ ನಡುಗಿತು. ನೀರು ಅಂಗಿಯ ಮೇಲೆ ಚೆಲ್ಲಿತು. ತಲೆ ಗೋಡೆಗೆ ಒರಗಿತು. ಈ ಮುದುಕ ನನಗಾಗಿ ಸಾಯುತ್ತಿದ್ದಾನೆ ಎನ್ನಿಸಿತು. ಬಕೆಟ್ಟು ನೀರು ಎತ್ತಿ ಒಲೆಗೆ ಸುರಿದೆ. ವ್ಯಾಪಾರದ ಹೊತ್ತಿನಲ್ಲಿ ಭಟ್ಟನಾದವನು ಒಲೆ ಆರಿಸುವುದಿಲ್ಲ. ಕಾದ ಗಿರಾಕಿಗಳು ಹೊಗೆಯಲ್ಲಿ ಕೆಮ್ಮುತ್ತ ಬೈದರು.

"ನಡೀರಿ ಸಾರ್. ಎಲ್ಲಿಗೆ ಬೇಕಾದ್ರೂ ಬರ್ತೀನಿ."

ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಪರೀಕ್ಷೆಯಾಯಿತು. ಗಾಯ ನೋಡಿದ ಡಾಕ್ಟರಮ್ಮ, "ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಬೆರಳು ತೆಗೀಬೇಕಾಗ್ತಿತ್ತು" ಎಂದರು. ಗುರುವಿನ ಮೊಂಡುಗಾಲು ಕಣ್ಣ ಮುಂದೆ ಬಂತು.

ಅಲ್ಲಿಂದ ಸಾರ್ ನನ್ನ ತಿಂಡಿಗೆ ಯಜಮಾನರಾದರು. ಗಂಜಿ ನಿಂತಿತು. ಬೆಳಿಗ್ಗೆ ಚಿಕ್ಕ ಮುದ್ದೆ, ಜೊತೆಗೆ ಬಟ್ಟಲು ತುಂಬ ಸೊಪ್ಪಿನ ಸಾರು, ಕಾಳು. "ರಾಗಿ ಕೆಟ್ಟದ್ದು ಅಂತ ನಾನೆಲ್ಲೋ ಹೇಳಿದ್ದು? ಯಾರ ಹೊಟ್ಟೆಗೆ, ಎಷ್ಟು, ಯಾತರ ಜೊತೆ ಅನ್ನೋದು ನೋಡ್ಬೇಕು. ಇಡ್ಲೀಗೂ ಅದೇ ನ್ಯಾಯ, ದೋಸೇಗೂ ಅದೇ ನ್ಯಾಯ" ಎಂದರು. ದೋಸೆಗೂ ಎನ್ನುವಾಗ ದನಿ ಸ್ವಲ್ಪ ಇಳಿದಿತ್ತು. ದಪ್ಪ ತಳದ ಚಪ್ಪಲಿ ತಂದು ಒಲೆಯ ಮುಂದಿಟ್ಟರು. ಚಪ್ಪಲಿ ಹಾಕಿಕೊಂಡು ಕಾವಲಿ ಮುಂದೆ ನಿಲ್ಲುವುದೆಂದರೆ ನನ್ನಂಥವನಿಗೆ ಸಾಯುವಷ್ಟು ನಾಚಿಕೆ. ನಿಂತೆ. ಈಗ ನನ್ನ ಅಂಗಡಿಯಲ್ಲಿ ದೋಸೆಯ ಪಕ್ಕ ಒಂದು ಹಿಡಿ ಹೆಸರುಕಾಳು ಉಸಲಿ ಬರುತ್ತದೆ. ಕೆಲಸಕ್ಕೆ ಇರುವವರೆಲ್ಲರ ಕಾಲಲ್ಲೂ ಚಪ್ಪಲಿ ಇದೆ.

ಇಷ್ಟೆಲ್ಲ ಮಾಡಿದ ಮನುಷ್ಯ ಹಾಲು ಕಾಯಿಸುವಷ್ಟರಲ್ಲಿ ಹೋಗಿಬಿಟ್ಟರೆ ನನಗೆ ಹೇಗಾಗಿರಬೇಡ?

ಹದಿಮೂರನೇ ದಿನ ವೈಕುಂಠ ಸಮಾರಾಧನೆಗೆ ಅವರ ಮನೆಗೆ ಹೋದೆ. ಪಂಕ್ತಿಗೆ ಎಲೆ ಹಾಕುತ್ತಿದ್ದರು. ಸಾರ್ ಹೆಂಡತಿ ಹಿಂದಿನ ಜಗಲಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ, "ಬಾಪ್ಪ. ಅಂಗಡಿ ಮುಚ್ಚಿ ಬಂದೆಯಾ?" ಎಂದರು.

ನಾನು ಅವರ ಕಾಲ ಬಳಿ ಕೂತೆ. ದುಃಖ ಉಕ್ಕಿ ಬಂತು. "ಅಷ್ಟು ಲೆಕ್ಕ ಹಾಕಿ ತಿಂತಿದ್ದೋರು ಹಿಂಗೆ ಹೋದ್ರಲ್ಲಮ್ಮ. ಇನ್ನು ಯಾತಕ್ಕೆ ಈ ಪಥ್ಯ, ಮಾತ್ರೆ ಎಲ್ಲ?"

"ವಯಸ್ಸಾಗಿತ್ತಪ್ಪ. ಕೊನೇ ದಿನಾನೂ ತನ್ನ ಕಾಲ ಮೇಲೆ ನಡ್ಕೊಂಡು ಹೋಗಿ ಒಲೆ ಹಚ್ಚಿದ್ರು. ಯಾರ ಕೈಲೂ ಒಂದು ಲೋಟ ನೀರು ತರಿಸ್ಕೊಳ್ಳಲಿಲ್ಲ. ಇನ್ನೇನ್ ಬೇಕು?"

"ನನಗೋಸ್ಕರ ಅಷ್ಟು ದಿನ ಹೊಟ್ಟೆ ಹಸ್ಕೊಂಡು ಕೂತಿದ್ರಮ್ಮ. ಆ ಪುಣ್ಯಾತ್ಮರು ಉಪವಾಸ..."

"ಯಾವ ಉಪವಾಸ?" ಎಂದರು ಅವರು.

ಹೇಳಿದೆ. ಅವರು ಕೇಳುತ್ತ ಕೇಳುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ಭುಜ ಕುಲುಕುತ್ತಿತ್ತು. ಸೆರಗು ಸರಿದಾಗ ನೋಡಿದರೆ ನಗು.

"ಇವರು ಉಪವಾಸಾನಾ? ಏಕಾದಶಿ ದಿನಾನೇ ಹತ್ತು ಗಂಟೆಗೆಲ್ಲ ಅಡುಗೆಮನೆ ಸುತ್ತೋರು! ನಿನ್ನಂಗಡಿಗೆ ಬರೋ ಮುಂಚೆ ನನ್ನ ಕೈಲಿ ಗಟ್ಟಿ ಅವಲಕ್ಕಿ ಕಲೆಸಿಸ್ಕೊಂಡು, ಮೇಲೆ ಮೊಸರು ಸುರ್ಕೊಂಡು, ಬಟ್ಟಲು ತುಂಬ ತಿಂದು ಹೊರಡೋರು. ಕನ್ನಡಿ ಮುಂದೆ ನಿಂತು ಮುಖ ಬಾಡಿಸ್ಕೊಂಡು, 'ಹಸಿದೋನ ಥರ ಕಾಣ್ತೀನೇನೇ?' ಅಂತ ನನ್ನೇ ಕೇಳೋರು."

ಮೂವತ್ತು ವರ್ಷ ಹಸಿದವರ ಮುಖ ನೋಡಿ ಬದುಕಿದವನು ನಾನು. ಬಾಗಿಲಲ್ಲಿ ನಿಂತ ಗಿರಾಕಿಗೆ ಎಷ್ಟು ಹಸಿವಿದೆ ಎಂದು ದೂರದಿಂದ ಹೇಳಬಲ್ಲೆ.

"ಕೈ ನಡುಗ್ತಿತ್ತಲ್ಲಮ್ಮ? ಲೋಟದ ನೀರು ಚೆಲ್ತು, ನಾನೇ ಕಣ್ಣಾರೆ ನೋಡ್ದೆ."

"ಅದನ್ನೂ ಹಿಂದಿನ ದಿನ ಮನೇಲಿ ಅಭ್ಯಾಸ ಮಾಡಿದ್ರು. ಇದೇ ಜಗಲೀಲ್ ಕೂತು. ಎರಡು ಸಲ ಪಂಚೆ ಒದ್ದೆ ಮಾಡ್ಕೊಂಡ್ರು."

ಸಿಟ್ಟು ಬಂತು. ನಾನು ಒಲೆ ಆರಿಸಿದ್ದೇನೆ, ಗಿರಾಕಿಗಳ ಕೈಲಿ ಬೈಸಿಕೊಂಡಿದ್ದೇನೆ, ಅವಲಕ್ಕಿ ತಿಂದು ಬಂದವರನ್ನು ಸಾಯುತ್ತಿದ್ದಾರೆಂದು ನಂಬಿ ಬೈಕಿನಲ್ಲಿ ಹೊತ್ತೊಯ್ದಿದ್ದೇನೆ! ರಕ್ತ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದ ಬಾಯಿ, ನನ್ನೊಬ್ಬನ ವಿಷಯಕ್ಕೆ ಎಷ್ಟು ಸುಳ್ಳು ಹೇಳಿತ್ತು.

ಅಷ್ಟರಲ್ಲಿ ಅಮ್ಮ ನಗು ನಿಲ್ಲಿಸಿ ಗಾಬರಿಯಿಂದ ನನ್ನ ಮುಖ ನೋಡಿದರು. "ಅಯ್ಯೋ, ನಿಂಗೆ ಹೇಳ್ಬೇಡ ಅಂದಿದ್ರು ಕಣಪ್ಪ. 'ಅವನಿಗೆ ಗರ್ವ ಜಾಸ್ತಿ, ಗೊತ್ತಾದ್ರೆ ಆ ಸಿಟ್ಟಿಗೇ ಮಾತ್ರೆ ಬಿಟ್ಟುಬಿಡ್ತಾನೆ' ಅಂತ. ಬಿಡಲ್ಲ ತಾನೇ?"

ಅವರ ಕಣ್ಣು ನನ್ನ ಚಪ್ಪಲಿಯ ಗುರುತು ಬಿದ್ದ ಪಾದದ ಮೇಲಿತ್ತು. ಒಳಗೆ ಪಂಕ್ತಿಗೆ ಬನ್ನಿ ಎಂದು ಯಾರೋ ಕೂಗಿದರು. ನಾನು ಜೇಬಿಗೆ ಕೈ ಹಾಕಿದೆ. ಸಾರ್ ಹೋದ ದಿನದಿಂದ ಮುಟ್ಟದ ಮಾತ್ರೆಗಳ ಪಟ್ಟಿ ಹಾಗೇ ಇತ್ತು. ಊಟಕ್ಕೆ ಮುಂಚಿನ ಮಾತ್ರೆಯೊಂದನ್ನು ಕಿತ್ತು ಅಂಗೈಯಲ್ಲಿ ಹಿಡಿದೆ.

"ಬಿಡೋದ್ಯಾಕಮ್ಮ" ಎಂದೆ. "ಒಂಚೂರು ನೀರು ಕೊಡಿ."

ಅವರೇ ಎದ್ದು ಹೋಗಿ ಲೋಟ ತಂದುಕೊಟ್ಟರು. ಹಿಡಿದ ಕೈ ಗಡಗಡ ನಡುಗಿ ನೀರು ಅಂಗಿಯ ಮೇಲೆ ಚೆಲ್ಲಿತು. ನಾನು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿರಲಿಲ್ಲ.